ಪುರಭವನದ ಮುಚ್ಚದ ಬಾಗಿಲು

ಊರಿನ ಹೆಸರು ಹೇಳುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕರ ಸುತ್ತಮುತ್ತಲೇ ನಾನು ಕಿರಿಯ ಎಂಜಿನಿಯರ್ ಆಗಿ ಓಡಾಡಿದ್ದು. ಆ ಭಾಗದ ಯಾವುದೋ ಒಂದು ಪುರಸಭೆ ಎಂದುಕೊಂಡರೆ ಸಾಕು.

ಮಂಡಲ ಪಂಚಾಯಿತಿಗಳು ಹೊಸದಾಗಿ ಬಂದಿದ್ದ ಕಾಲ ಅದು. ಹಳ್ಳಿಗಳಿಂದ ಮೊದಲ ಸಲ ಆರಿಸಿ ಬಂದ ಹೆಣ್ಣುಮಕ್ಕಳಿಗೆ ಸ್ಥಳೀಯ ಸಂಸ್ಥೆ ಎಂದರೆ ಏನು, ಅದು ಹೇಗೆ ನಡೆಯುತ್ತದೆ ಎಂದು ತೋರಿಸಿ ಅಂತ ಮೇಲಿನಿಂದ ಆದೇಶ ಬಂತು. ನಮ್ಮ ಪುರಸಭೆಯ ಅಧ್ಯಕ್ಷರು ಭತ್ತದ ಮಂಡಿ ಸಾಹುಕಾರರು. ಕಚೇರಿಯಲ್ಲಿ ತೋರಿಸುವಂಥದ್ದು ಏನಿದೆ, ಕಡತ ತೋರಿಸಿದರೆ ಅವರು ನಿದ್ದೆ ಹೋಗುತ್ತಾರೆ, ನಮ್ಮ ಪುರಭವನ ತೋರಿಸೋಣ ಎಂದರು. ಅದು ನಿಜವಾಗಿಯೂ ತೋರಿಸುವಂಥ ಕಟ್ಟಡವೇ. ಮಹಾರಾಜರ ಕಾಲದ್ದು, ಕಲ್ಲಿನ ಗೋಡೆ, ತೇಗದ ತೊಲೆ, ಮೇಲೆ ಮಣ್ಣಿನ ಮಾಳಿಗೆ. ಅಧ್ಯಕ್ಷರ ಅಜ್ಜ ಅದನ್ನು ಕಟ್ಟಿಸಿದವರಲ್ಲಿ ಒಬ್ಬರು.

"ಹೆಣ್ಮಕ್ಳಿಗೆ ಹೆಣ್ಮಕ್ಳೇ ತೋರಿಸ್ಬೇಕು. ನೀವೇ ಮಾಡ್ರಿ ಮೇಡಂ," ಎಂದರು.

ಜಗಳೂರು ಕಡೆಯಿಂದ ವರ್ಗವಾಗಿ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಚರಂಡಿ ಕುಸಿದು ಬಿದ್ದಿತ್ತು, ನೀರಿನ ಪೈಪು ಎರಡು ಕಡೆ ಒಡೆದಿತ್ತು. ಇವೆಲ್ಲ ಬಿಟ್ಟು ನಾನು ಕಟ್ಟಡದ ಕಥೆ ಹೇಳುತ್ತಾ ನಿಲ್ಲಬೇಕೇ ಎಂದು ಮೈ ಉರಿಯಿತು. ಗಂಡಸು ಎಂಜಿನಿಯರ್ ಇದ್ದಿದ್ದರೆ ಈ ಕೆಲಸ ಕೊಡುತ್ತಿರಲಿಲ್ಲ ಎಂಬುದೂ ಗೊತ್ತಿತ್ತು. ಆದರೆ ವಹಿಸಿದ ಕೆಲಸ ಅರೆಬರೆ ಮಾಡಿ ಗೊತ್ತಿಲ್ಲ. ಟೇಪು ಹಿಡಿದು ಇಡೀ ಕಟ್ಟಡ ಅಳೆದೆ. ನಕ್ಷೆ ಇರಲಿಲ್ಲ, ನಾನೇ ಬರೆದೆ. ಮುಂದೆ ದೊಡ್ಡ ಸಭಾಂಗಣ, ಅದರ ಮೇಲೆ ಮುಂಗೋಡೆಯಿಂದ ಹಿಂದಕ್ಕೆ ನಾಲ್ಕು ತೊಲೆ. ಹಿಂದೆ ಎರಡು ಕೋಣೆ. ಸಭಾಂಗಣಕ್ಕೂ ಕೋಣೆಗಳಿಗೂ ನಡುವೆ ದಪ್ಪನೆಯ ಒಂದು ಅಡ್ಡಗೋಡೆ. ಆ ಗೋಡೆಯ ಒಂದು ತುದಿಯಲ್ಲಿ ಮಾಳಿಗೆಗೆ ಹೋಗುವ ಮೆಟ್ಟಿಲು. ಸಭಾಂಗಣದ ತೊಲೆಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಅವುಗಳ ಕೆಳಗೆ ಹಲಗೆಯ ಮುಚ್ಚಿಗೆ ಹೊಡೆದು ಹಸಿರು ಬಣ್ಣ ಬಳಿದಿದ್ದರು. ಹಿಂದೆ ಬಟ್ಟೆ ಪಂಖಾ ತೂಗುಹಾಕಲು ತೊಲೆಗಳಿಗೆ ಹೊಡೆದಿದ್ದ ಕಬ್ಬಿಣದ ಕೊಕ್ಕೆಗಳು ಮಾತ್ರ ಮುಚ್ಚಿಗೆಯಿಂದ ಕೆಳಗಿಳಿದಿದ್ದವು, ಅವನ್ನು ನೋಡಿಯೇ ತೊಲೆ ನಾಲ್ಕು ಎಂದು ಬರೆದುಕೊಂಡಿದ್ದೆ.

ಕಟ್ಟಡದ ಎರಡು ಹೆಮ್ಮೆಗಳನ್ನು ನನಗೆ ಹೇಳಿಕೊಟ್ಟವರು ಅಲ್ಲಿನ ದಫೇದಾರರು. ಅಪ್ಪನ ಕಾಲದಿಂದ ಆ ಕಟ್ಟಡ ಕಾಯುತ್ತಿದ್ದ ಮನೆತನ ಅವರದು. ಅವರಿಗೂ ಆಗ ನಿವೃತ್ತಿ ಹತ್ತಿರವಾಗಿತ್ತು. ಒಂದನೇ ಹೆಮ್ಮೆ, ಎಂಥ ಮಳೆಗೂ ಪುರಭವನ ಒಂದು ಹನಿ ಸೋರಿಲ್ಲ. ಎರಡನೆಯದು, ಅದರ ಮುಂಬಾಗಿಲು ಎಂದೂ ಮುಚ್ಚಿಲ್ಲ. ಆಳೆತ್ತರ ಮೀರಿದ ಜೋಡಿ ಕದ, ಎರಡೂ ಗೋಡೆಗೆ ಒರಗಿ ನಿಂತಿದ್ದವು. ಕದದ ಹಿಂದಿನ ಕೆತ್ತನೆ ನೋಡೋಣವೆಂದು ನಾನು ಒಂದನ್ನು ಎಳೆದೆ. ಸ್ವಲ್ಪ ಬಂತು, ಆಮೇಲೆ ಮೇಲಿನ ಪಟ್ಟಿಗೆ ಸಿಕ್ಕಿಕೊಂಡು ನಿಂತುಬಿಟ್ಟಿತು.

"ಅದು ಮುಚ್ಚಲ್ಲ ಅಮ್ಮಾರೆ," ಎಂದರು ದಫೇದಾರರು. "ಜನದ ಬಾಗ್ಲು ಜನಕ್ಕೆ ಮುಚ್ಚಬಾರ್ದು ಅಂತ ಹಿರೇರು ಆಣೆ ಹಾಕ್ಯಾರೆ. ರಾತ್ರಿ ನಾಯಿ ಬರ್ದಂಗೆ ಬಿದಿರು ತಟ್ಟಿ ಇಡ್ತೀವಿ, ಅಷ್ಟೆ."

ನನಗೆ ಆ ಮಾತು ಬಹಳ ಹಿಡಿಸಿತು. ಹೇಳಬೇಕಾದ ಮಾತುಗಳಲ್ಲಿ ಅದನ್ನೇ ಮೊದಲು ಇಟ್ಟುಕೊಂಡೆ.

ಮಾಳಿಗೆಗೆ ಮಾತ್ರ ನಾನು ಹತ್ತಲಿಲ್ಲ. ಅದು ತೋರಿಸುವ ಜಾಗಗಳಲ್ಲಿ ಇರಲಿಲ್ಲ, ಬೀಗ ಹಾಕಿತ್ತು, ಮೇಲಾಗಿ ಮಳೆ ಹಿಡಿದುಕೊಂಡಿತ್ತು.

ಹೆಣ್ಣುಮಕ್ಕಳು ಬಂದ ದಿನ ಬೆಳಿಗ್ಗೆ ಮೋಡ ಹರಿದು ಬಿಸಿಲು ಬಂತು. ತ್ಯಾವಣಿಗೆ, ಕತ್ತಲಗೆರೆ ಕಡೆಯವರು ಒಂದು ಬಸ್ಸಿನಲ್ಲಿ ಬಂದರು, ಗೋವಿನಕೋವಿ ಕಡೆಯವರು ಇನ್ನೊಂದರಲ್ಲಿ. ಎಲ್ಲರೂ ಒಳ್ಳೆಯ ಸೀರೆ ಉಟ್ಟಿದ್ದರು. ಮೊದಲು ನಾಚಿಕೆಯಿಂದ ಗೋಡೆಗೆ ಅಂಟಿಕೊಂಡು ನಿಂತವರು ಸ್ವಲ್ಪ ಹೊತ್ತಿಗೆಲ್ಲ ನನ್ನ ಬಾಯಿ ಒಣಗುವಷ್ಟು ಪ್ರಶ್ನೆ ಕೇಳಿದರು. ಅಧ್ಯಕ್ಷರ ಕುರ್ಚಿ ಯಾಕೆ ಎತ್ತರ, ಸಭೆಯಲ್ಲಿ ಮಾತು ಕೇಳದವರಿಗೆ ಏನು ಮಾಡುತ್ತೀರಿ, ನಿಮ್ಮ ಊರಿಗೆ ನಲ್ಲಿ ನೀರು ದಿನಾ ಬರುತ್ತದೆಯೇ. ಕೊನೆಯ ಪ್ರಶ್ನೆಗೆ ನಾನು ಕೆಮ್ಮಿದೆ. ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಛಾಯಾಚಿತ್ರ ಇತ್ತು. ರುಮಾಲು ಕಟ್ಟಿದ ಹಿರಿಯರು ಇದೇ ಮಾಳಿಗೆಯ ಮೇಲೆ, ಕಮಲದ ಮೊಗ್ಗುಗಳ ಸಾಲಿದ್ದ ಅಂಚುಗೋಡೆಗೆ ಮೊಳಕೈ ಊರಿಕೊಂಡು ನಿಂತಿದ್ದ ಚಿತ್ರ. ಅದನ್ನೂ ತೋರಿಸಿದೆ. ಅಧ್ಯಕ್ಷರು ಮುಂದೆ ಬಂದು, ಇವರೇ ನಮ್ಮಜ್ಜ ಎಂದು ಬೆರಳಿಟ್ಟರು. ಆಮೇಲೆ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಅದರ ಕಥೆ ಹೇಳಿದಾಗ ಹಲವರು ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಗೋವಿನಕೋವಿ ಕಡೆಯ ಒಬ್ಬ ಸದಸ್ಯೆಯ ಕಂಕುಳಲ್ಲಿ ಕೂಸಿತ್ತು. ಅದು ರಚ್ಚೆ ಹಿಡಿದಿತ್ತು. ಅವಳು ಸುತ್ತ ನೋಡಿ, ಚೀಲದಿಂದ ಹಳೇ ಸೀರೆಯೊಂದನ್ನು ತೆಗೆದು, ದಫೇದಾರರಿಂದ ಬೆಂಚು ಹಿಡಿಸಿಕೊಂಡು ಹತ್ತಿ, ನಟ್ಟನಡುವಿನ ಪಂಖಾ ಕೊಕ್ಕೆಗೆ ಜೋಲಿ ಕಟ್ಟಿಬಿಟ್ಟಳು. ನಾಲ್ಕು ಸಲ ತೂಗಿದ್ದಕ್ಕೇ ಕೂಸು ಮಲಗಿತು. ನೊಣ ಬಾರದಂತೆ ಮೇಲೊಂದು ಬಿಳಿ ಬಟ್ಟೆ ಹೊದಿಸಿದಳು. ಸರ್ಕಾರಿ ಕಟ್ಟಡದಲ್ಲಿ ಜೋಲಿ ಆಡುವುದನ್ನು ನೋಡಿ ಎಲ್ಲರೂ ನಕ್ಕರು. ಈ ಕೊಕ್ಕೆ ಇಷ್ಟು ವರ್ಷದಲ್ಲಿ ಮಾಡಿದ ಒಳ್ಳೇ ಕೆಲಸ ಇದೊಂದೇ ಎಂದು ನಾನೂ ಹೇಳಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಉಪ್ಪಿಟ್ಟು, ಕಾಫಿ ಬಂದಿದ್ದವು. ಆದರೆ ಅಧ್ಯಕ್ಷರಿಗೆ ಹುಮ್ಮಸ್ಸು ಏರಿತ್ತು.

"ಮಾಳಿಗೆ ಮ್ಯಾಲಿಂದ ಕೆರೆ ತೋರ್ಸ್ರಿ ಮೇಡಂ. ಕೆರೆ ನೋಡ್ದೆ ಹೋದ್ರೆ ನಮ್ಮೂರಿಗೆ ಬಂದಂಗೇ ಅಲ್ಲ."

"ಮೇಲೆಲ್ಲ ಕೆಸರಾಗಿರ್ತೈತೆ ಸಾರ್, ಬ್ಯಾಡ," ಎಂದೆ ನಾನು.

"ಹೊಲದಾಗೆ ನಾಟಿ ಹಾಕೋರಿಗೆ ಕೆಸರೇನ್ರಿ."

ಹೆಣ್ಣುಮಕ್ಕಳೂ ಅವರ ಕಡೆಗೇ ಸೇರಿಕೊಂಡರು. ಅರ್ಧ ಜನ ಸಭಾಂಗಣದಲ್ಲಿ ಉಪ್ಪಿಟ್ಟಿಗೆ ಕೂರುವುದು, ಅರ್ಧ ಜನ ಮೇಲೆ ಹೋಗಿ ಬರುವುದು, ಆಮೇಲೆ ಅದಲು ಬದಲು ಎಂದು ತೀರ್ಮಾನವಾಯಿತು. ದಫೇದಾರರು ಬೀಗ ತೆಗೆದರು. ಕೂಸಿನ ತಾಯಿಯೂ ಮಲಗಿದ ಮಗುವನ್ನೊಮ್ಮೆ ನೋಡಿ ನಮ್ಮ ಜತೆ ಹತ್ತಿದಳು.

ಮೆಟ್ಟಿಲ ತುದಿಯಲ್ಲಿ ಮಾಳಿಗೆಗೆ ತೆರೆಯುವ ಬಾಗಿಲು ತೀರಾ ಗಿಡ್ಡವಾಗಿತ್ತು. ನಡು ಬಗ್ಗಿಸಿ, ಒಂದು ಕಾಲು ಎತ್ತಿ ಮೇಲಿಟ್ಟು ಹೊರಗೆ ಹೋಗಬೇಕು. ಹತ್ತುವುದಕ್ಕೆ ಎರಡು ಚಪ್ಪಡಿ ಕಲ್ಲು ಬೇರೆ ಇಟ್ಟಿದ್ದರು. "ಹಿಂದ್ಲೋರು ಇಷ್ಟು ಗಿಡ್ಡ ಇದ್ರೇನ್ರಿ," ಎಂದಳೊಬ್ಬಳು. "ಫೋಟೋದಾಗೆ ಎತ್ರಾನೇ ಅದಾರಲ್ಲೇ," ಎಂದಳು ಇನ್ನೊಬ್ಬಳು. ಎಲ್ಲರೂ ನಗುತ್ತಾ ಒಬ್ಬರ ಹಿಂದೆ ಒಬ್ಬರು ತೂರಿಕೊಂಡರು. ನಾನು ಕೊನೆಯಲ್ಲಿದ್ದೆ. ಬಗ್ಗುವಾಗ ಕದ ಹಿಡಿದುಕೊಂಡೆ. ಕೈಗೆ ಸಿಕ್ಕ ಅದರ ಕೆಳಗಿನ ಅಂಚು ಒರಟಾಗಿತ್ತು. ನೋಡಿದರೆ ಗರಗಸದ ಗುರುತು. ಕದದ ಮೇಲೆ ಕೆತ್ತಿದ್ದ ಹೂವು ಅರ್ಧಕ್ಕೇ ತುಂಡಾಗಿತ್ತು.

ಯಾರೋ ಈ ಕದವನ್ನು ಕೆಳಗಿನಿಂದ ಕೊಯ್ದಿದ್ದಾರೆ. ಯಾಕೆ ಕೊಯ್ದರು ಎಂದು ಯೋಚಿಸುತ್ತಲೇ ನಾನು ಹೊರಗೆ ಬಂದೆ. ಮಾಳಿಗೆಯ ಅಂಚಿನಲ್ಲಿ ಕಮಲದ ಮೊಗ್ಗುಗಳ ಸಾಲು ಕಂಡಿತು. ಅದೇ ಫೋಟೋದ ಮೊಗ್ಗುಗಳು. ಅಧ್ಯಕ್ಷರ ಅಜ್ಜ ಮೊಳಕೈ ಊರಿದ್ದ ಅಂಚುಗೋಡೆ ನನ್ನ ಮೊಣಕಾಲಿನ ಕೆಳಕ್ಕಿತ್ತು.

ಗೋಡೆ ಕುಗ್ಗುವುದಿಲ್ಲ. ಏರಿದ್ದು ನೆಲ.

ಕೈಯಲ್ಲಿದ್ದ ಕೊಡೆಯ ತುದಿಯನ್ನು ಮಣ್ಣಿಗೆ ಒತ್ತಿದೆ. ಮೇಲಿನ ಮಣ್ಣು ಮಳೆಗೆ ನೆನೆದು ಮುದ್ದೆಯಾಗಿತ್ತು, ಕೊಡೆ ಸಲೀಸಾಗಿ ಇಳಿಯಿತು. ಆಮೇಲೆ ಬಲ ಹಾಕಿ ಒತ್ತಿದೆ. ಅರ್ಧಕ್ಕಿಂತ ಹೆಚ್ಚು ಹೋದರೂ ಮಣ್ಣಿನಡಿಯ ಗಾರೆ ತಾಗಲಿಲ್ಲ.

ದಫೇದಾರರು ಬಾಗಿಲ ಬಳಿ ಕೂತಿದ್ದರು. ದನಿ ತಗ್ಗಿಸಿ ಕೇಳಿದೆ.

"ಇಲ್ಲಿಗೆ ಮಣ್ಣು ಹಾಕ್ತೀರೇನು?"

"ಹೂಂನ್ರಿ ಅಮ್ಮಾರೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಚೌಳು ಮಣ್ಣು ತಂದು ಹಾಕಿ ಬಡೀತೀವಿ. ಅದ್ಕೇ ನೋಡ್ರಿ ಒಂದು ಹನಿ ಸೋರಲ್ಲ."

"ಹಾಕೋ ಮುಂಚೆ ಹಳೇದು ಕೆರೆದು ತೆಗೀತೀರೋ ಇಲ್ಲೋ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ನಮ್ಮನೇದಾದ್ರೆ ಕೆರೆದೇ ಹಾಕ್ತೀವ್ರಿ. ಇದು ಸರ್ಕಾರದ್ದು. ಹಾಕಾಕೆ ಹೇಳ್ತಾರೆ, ಹಾಕ್ತೀವಿ. ತೆಗೀರಿ ಅಂತ ನಮ್ಮಪ್ಪನ ಕಾಲದಿಂದ ಯಾರೂ ಹೇಳಿಲ್ಲ."

ಜಗಳೂರಿನ ಕಡೆ ಮಾಳಿಗೆ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಚೌಳು ಮಣ್ಣು ನೀರು ಇಳಿಯಗೊಡುವುದಿಲ್ಲ, ಅದಕ್ಕೇ ಮಾಳಿಗೆಗೆ ಅದೇ ಬೇಕು. ಆದರೆ ಹಳೆಯ ಪದರ ಕೆರೆಯದೆ ಹೊಸದು ಹಾಕುವ ಮನೆ ಒಂದೂ ಇರಲಿಲ್ಲ. ಅದು ಯಾರೂ ಯಾರಿಗೂ ಹೇಳಿಕೊಡುವ ವಿಷಯವೇ ಅಲ್ಲ. ಇಲ್ಲಿ ಮಣ್ಣು ಹಾಕುವುದು ಒಂದು ಮಂಜೂರಾದ ಕೆಲಸವಾಗಿತ್ತು. ತೆಗೆಯುವುದು ಯಾರ ಕೆಲಸವೂ ಆಗಿರಲಿಲ್ಲ. ಹೀಗೆ ತಂದೆ ಹಾಕಿದ್ದರ ಮೇಲೆ ಮಗ ಹಾಕುತ್ತಾ, ನೆಲ ಏರಿದಂತೆ ಬಾಗಿಲು ಕೊಯ್ಯುತ್ತಾ ಬಂದಿದ್ದರು. ಮೊಳಕೈಯೆತ್ತರದ ಗೋಡೆ ಮೊಣಕಾಲಿಗಿಳಿಯಲು ನೆಲ ಎರಡಡಿಯಾದರೂ ಏರಿರಬೇಕು. ಎರಡಡಿ ನೆನೆದ ಮಣ್ಣು ಎಂದರೆ, ಒಂದು ಚದರಡಿ ಜಾಗದ ಮೇಲೆ ಒಂದು ಭತ್ತದ ಚೀಲಕ್ಕಿಂತ ಹೆಚ್ಚು ಭಾರ. ಇಡೀ ಸಭಾಂಗಣದ ಮೇಲೆ ಹಾಗೆ ಸಾಲಾಗಿ ಚೀಲ ಜೋಡಿಸಿದಂತೆ. ಕೆಳಗೆ ಹೆಂಗಸರು ಉಪ್ಪಿಟ್ಟು ತಿನ್ನುತ್ತಿದ್ದರು.

ಮೇಲಿದ್ದವರೆಲ್ಲ ಕೆರೆ ನೋಡುವ ಆಸೆಗೆ ಸಭಾಂಗಣದ ನಡುಭಾಗದ ಮೇಲೆ ಒಂದೇ ಗುಂಪಾಗಿ ನಿಂತಿದ್ದರು. ಆ ಮಣ್ಣಿನ ಮುಂದೆ ಅವರ ತೂಕ ಲೆಕ್ಕಕ್ಕಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಓಡಿದರೆ ಆ ಅದಿರುವಿಕೆ ತಡೆಯುವಷ್ಟು ಶಕ್ತಿ ತೊಲೆಗಳಲ್ಲಿ ಉಳಿದಿದೆಯೇ? ನನಗೆ ಗೊತ್ತಿರಲಿಲ್ಲ. ತೊಲೆಗಳನ್ನು ನಾನು ನೋಡಿಯೇ ಇರಲಿಲ್ಲ. ಹಾಗಾಗಿ ಕೂಗುವಂತಿಲ್ಲ, ಓಡಿಸುವಂತಿಲ್ಲ. ಅಂಚಿನ ಕಡೆ ಸರಿಯಿರಿ ಎನ್ನೋಣವೆಂದರೆ ಮೊಣಕಾಲೆತ್ತರವೂ ಇಲ್ಲದ ಗೋಡೆ, ಕಾಲ ಕೆಳಗೆ ಜಾರುವ ಕೆಸರು.

ಬರೆದ ನಕ್ಷೆ ಕಣ್ಣೆದುರಿಗೆ ಬಂತು. ಸಭಾಂಗಣದ ಹಿಂದಿನ ದಪ್ಪ ಅಡ್ಡಗೋಡೆ. ಮೆಟ್ಟಿಲ ಬಾಗಿಲು ಅದರ ತುದಿಯಲ್ಲೇ ಇದೆ. ಆ ಗೋಡೆಯ ನೇರಕ್ಕೆ ನಡೆದರೆ ಕಾಲ ಕೆಳಗೆ ಇರುವುದು ತೊಲೆಯಲ್ಲ, ಕಲ್ಲು.

ದಫೇದಾರರಿಗೆ ಹೇಳಿದೆ: "ಕೆಳಗೆ ಹೋಗಿ ಹಾಲ್‌ನಾಗಿರೋರ್ನೆಲ್ಲ ಹುಣಸೇಮರದ ಹತ್ರ ಕಳ್ಸ್ರಿ. ಫೋಟೋ ತೆಗೀತಾರೆ ಅನ್ರಿ. ಯಾರೂ ಒಳಗಿರಬಾರ್ದು. ಕಾರಣ ಆಮೇಲೆ ಹೇಳ್ತೀನಿ." ಅವರು ಮರುಮಾತಾಡದೆ ಇಳಿದರು. ನಾನು ಬಾಗಿಲಿಂದ ಶುರುಮಾಡಿ, ಅಡ್ಡಗೋಡೆಯ ನೇರಕ್ಕೆ, ಕೊಡೆಯ ತುದಿಯಿಂದ ಕೆಸರಿನಲ್ಲಿ ಗೆರೆ ಎಳೆದೆ.

"ಒಬ್ಬೊಬ್ಬರೇ ಈ ಗೆರೆಗೆ ಬರ್ರಿ. ಗೆರೆ ಮ್ಯಾಲೇ ನಡೆದು ಕೆಳಗಿಳೀರಿ. ಮೆಲ್ಲಕೆ. ಮುಂದಿನೋರು ಇಳಿದ ಮೇಲೆ ಹಿಂದಿನೋರು."

"ಕುಂಟಾಬಿಲ್ಲೆ ಆಡಿಸ್ತೀರೇನ್ರಿ ಅಮ್ಮಾರೆ," ಎಂದು ಒಬ್ಬಳು ನಕ್ಕಳು. ಆದರೂ ಸೀರೆ ಎತ್ತಿ ಹಿಡಿದು ಬಂದಳು. ಅವಳ ಹಿಂದೆ ಮತ್ತೊಬ್ಬಳು.

ಅಧ್ಯಕ್ಷರಿಗೆ ಇದು ಸರಿಬರಲಿಲ್ಲ. ಈಗಷ್ಟೇ ಕೆರೆಯ ಇತಿಹಾಸ ಶುರುಮಾಡಿದ್ದರು. ಹತ್ತಿರ ಹೋಗಿ, ಮಾಳಿಗೆ ಮೇಲೆ ಎರಡಡಿ ಮಣ್ಣಿದೆ, ತೊಲೆ ತಡೆಯುವುದು ಅನುಮಾನ ಎಂದು ಮೆತ್ತಗೆ ಹೇಳಿದೆ. ಅವರು ಮೆತ್ತಗೆ ಹೇಳಲಿಲ್ಲ.

"ನಮ್ಮಜ್ಜ ಕಟ್ಟಿಸಿದ್ದು ಮೇಡಂ ಇದು. ನೀವು ನಿನ್ನೆ ಮೊನ್ನೆ ಬಂದೋರು. ಊರಿನ ಮರ್ಯಾದೆ ತೆಗೀಬ್ಯಾಡ್ರಿ." ಇಷ್ಟು ಹೇಳಿ, ಮಾಳಿಗೆಯ ನಟ್ಟನಡುವೆ ನಿಂತು, ಬಲಗಾಲು ಎತ್ತಿ ಧಪ್ ಎಂದು ಕುಟ್ಟಿದರು. "ನೋಡ್ರಿ. ಎಲ್ಲಿ ಬೀಳ್ತೈತೆ?"

ಅವರು ಮತ್ತೆ ಕಾಲೆತ್ತಿದರು.

"ಕಾಲು ಇಳಿಸ್ರಿ ಸಾರ್," ಎಂದೆ. ಅಧ್ಯಕ್ಷರೊಬ್ಬರಿಗೆ ಹಾಗೆ ಅಪ್ಪಣೆ ಮಾಡಿದ್ದು ಅದೇ ಮೊದಲು. "ಮೆಲ್ಲಕೆ ಇಳಿಸ್ರಿ. ಕೆಳಗೆ ಜನ ಇನ್ನೂ ಹೊರಗೆ ಹೋಗಿಲ್ಲ."

ಅಷ್ಟು ಹೊತ್ತಿಗೆ ದಫೇದಾರರ ದನಿ ಅಂಗಳದಿಂದ ಬಂತು. "ಎಲ್ಲಾರೂ ಹೊರಗೆ ಬಂದ್ರು ಅಮ್ಮಾರೆ."

ಉಸಿರು ಬಿಡುವಷ್ಟರಲ್ಲಿ ಗೆರೆಯ ಹತ್ತಿರ ಸರದಿಗೆ ನಿಂತಿದ್ದ ಕೂಸಿನ ತಾಯಿ ಕೇಳಿದಳು. "ನನ್ನ ಮಗನ್ನ ಯಾರು ಎತ್ಕೊಂಡ್ರಿ?"

ನಾನು ಅಂಚುಗೋಡೆಯ ಕಡೆ ತಿರುಗಿ ಅದನ್ನೇ ಕೂಗಿ ಕೇಳಿದೆ.

"ಜೋಲೀಲಿ ಮಲಗೈತಲ್ರಿ," ಎಂದರು ದಫೇದಾರರು. "ಮಲಗಿದ ಕೂಸಿನ ನಾವು ಹೆಂಗೆ ಎಬ್ಸೋದು. ಅವರವ್ವ ಬರ್ಲಿ ಅಂತ ಬಿಟ್ಟೆ."

ಯಾರದೋ ಮಲಗಿದ ಮಗುವನ್ನು ಯಾರೂ ಎತ್ತುವುದಿಲ್ಲ. ನಾನಿದ್ದಿದ್ದರೂ ಎತ್ತುತ್ತಿರಲಿಲ್ಲವೇನೋ. ಇಡೀ ಸಭಾಂಗಣ ಖಾಲಿಯಾಗಿತ್ತು. ಜೋಲಿ ಮಾತ್ರ ನಡುವಿನದೊಂದು ತೊಲೆಗೆ ತೂಗುಬಿದ್ದಿತ್ತು. ಅದರ ನೆತ್ತಿಯ ಮೇಲೆ ಅಧ್ಯಕ್ಷರು ನಿಂತಿದ್ದರು.

ಅವರಿಗೂ ಅದು ಹೊಳೆದಿರಬೇಕು. ಕಾಲನ್ನು ಹೂವಿನ ಮೇಲಿಡುವ ಹಾಗೆ ಇಳಿಸಿದರು. ಒಂದು ಹೆಜ್ಜೆ ಇಡಲೂ ಧೈರ್ಯ ಸಾಲದೆ ಅಲ್ಲೇ ನಿಂತುಬಿಟ್ಟರು.

ತಾಯಿ ಅಡ್ಡ ಹಾದು ಓಡಲು ಹೊರಟಳು. ನಾನು ಅವಳ ರಟ್ಟೆ ಹಿಡಿದೆ. ಬಳೆ ಒಡೆದು ಅವಳಿಗೂ ನನಗೂ ಚುಚ್ಚಿತು. "ಗೆರೆ ಮ್ಯಾಲೆ," ಎಂದೆ, "ಗೆರೆ ಮ್ಯಾಲೇ ಬಾ." ಉಳಿದವರಿಗೆ ನಾವು ಇಳಿಯುವವರೆಗೆ ಅಲ್ಲಾಡಬೇಡಿ ಎಂದು ಹೇಳಿ ಇಬ್ಬರೂ ಇಳಿದೆವು. ಆ ಮೆಟ್ಟಿಲು ಅಷ್ಟು ಉದ್ದವಿತ್ತೇ ಎಂದು ಇವತ್ತಿಗೂ ಅನ್ನಿಸುತ್ತದೆ.

ಸಭಾಂಗಣದ ಬಾಗಿಲಲ್ಲಿ ಅವಳನ್ನು ಹೊರಗೇ ನಿಲ್ಲು ಎಂದೆ. ಅವಳು ಕೇಳಿಸಿಕೊಳ್ಳಲೂ ಇಲ್ಲ. ಇಬ್ಬರೂ ಒಳಗೆ ಹೋದೆವು. ಎಲೆಗಳ ಮೇಲೆ ಅರ್ಧ ತಿಂದ ಉಪ್ಪಿಟ್ಟು. ಎಲ್ಲವೂ ನಿಶ್ಶಬ್ದ. ಅವಳು ಜೋಲಿಗೆ ಎರಡೂ ಕೈ ಹಾಕಿ ಕೂಸನ್ನು ಎತ್ತಿಕೊಂಡಳು, ಮೇಲೆ ಹೊದಿಸಿದ್ದ ಬಟ್ಟೆ ನನ್ನ ಕೈಗೆ ಬಂತು. ಗಂಟು ಬಿಚ್ಚುವ ಗೋಜಿಗೆ ಹೋಗದೆ ಹೊರಗೆ ಬಂದುಬಿಟ್ಟೆವು. ಹುಣಸೇಮರದ ಕೆಳಗೆ ಬಂದ ಮೇಲೆಯೇ ಕೂಸು ಎದ್ದು ಅತ್ತಿದ್ದು.

ಅವಳು ಬಟ್ಟೆ ಕೇಳಿದಾಗ ಅದನ್ನು ಬಿಡಿಸಿ ನೋಡಿದೆ. ಬಿಳಿ ಬಟ್ಟೆಯ ಮೇಲೆ ಹಸಿ ಮಣ್ಣಿನ ಕಾಳುಗಳು. ಜತೆಗೆ ಗರಗಸದ ಹೊಟ್ಟಿನಂಥ ಕಂದು ಪುಡಿ.

"ಬೆಳಗ್ಗೆ ಒಗೆದಿದ್ದು ಇದು," ಎಂದಳು.

ನಾನು ಮತ್ತೆ ಮೇಲೆ ಹೋಗಿ ಉಳಿದವರನ್ನು ಒಬ್ಬೊಬ್ಬರನ್ನಾಗಿ ಇಳಿಸಿದೆ. ಕೊನೆಗೆ ಬಂದವರು ಅಧ್ಯಕ್ಷರು. ಚಪ್ಪಲಿ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಅಳೆದು ಗೆರೆಗೆ ಬಂದು ತಲುಪಿದರು.

ಏನೂ ಬೀಳಲಿಲ್ಲ. ಎಲ್ಲರೂ ಮರದ ಕೆಳಗೆ ನಿಂತು ಕಟ್ಟಡ ನೋಡಿದೆವು. ಅದು ಎಂದಿನಂತೆ ನಿಂತಿತ್ತು. ಕೆಲವರು ಗುಸುಗುಸು ಮಾತಾಡಿದರು, ಕಚೇರಿಯ ಒಬ್ಬಿಬ್ಬರು ಮುಸಿಮುಸಿ ನಕ್ಕರು. ಎಂಜಿನಿಯರಮ್ಮ ಹೆದರಿಬಿಟ್ಟರು ಎಂಬ ಮಾತು ನನ್ನ ಕಿವಿಗೂ ಬಿತ್ತು. ಯಾರಿಗಾದರೂ ಹೆದರಿಕೆಯೇ ಆಗಬೇಕಾದ ಜಾಗ ಅದು, ಆದರೂ ನನಗೆ ಅವಮಾನವಾಯಿತು. ನಾನು ಅಧ್ಯಕ್ಷರ ಮುಂದೆ ಆ ಬಟ್ಟೆ ಹಿಡಿದೆ. ಅವರು ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು. ಮಂಡಿಯಲ್ಲಿ ಭತ್ತ ಮೂಸಿ ನೋಡುವ ಅಭ್ಯಾಸ.

"ತೇಗ," ಎಂದರು. ಬಸ್ಸುಗಳನ್ನು ಕಳಿಸಿ ಅಂಗಳದ ಗೇಟಿಗೆ ತಾವೇ ಬೀಗ ಹಾಕಿದರು.

ಮಾರನೆಯ ದಿನ ಬಡಗಿಯನ್ನು ಕರೆದುಕೊಂಡು, ಗೋಡೆಯ ಮಗ್ಗುಲಲ್ಲೇ ಏಣಿ ಇಟ್ಟು, ಮುಚ್ಚಿಗೆಯ ಒಂದು ಹಲಗೆ ಬಿಚ್ಚಿಸಿದೆ. ಟಾರ್ಚು ಬಿಟ್ಟೆ. ನಾಲ್ಕೂ ತೊಲೆಗಳು ನಡುವಿನಲ್ಲಿ ಕೆಳಗೆ ಬಾಗಿದ್ದವು. ಜೋಲಿ ಕಟ್ಟಿದ್ದ ತೊಲೆಯ ಹೊಟ್ಟೆಯಲ್ಲಿ ಉದ್ದಕ್ಕೆ ಸೀಳು, ನನ್ನ ಬೆರಳು ಹೋಗುವಷ್ಟು ಅಗಲ. ಅದರ ಅಂಚು ಹಳೆಯದಾಗಿ ಕಪ್ಪಾಗಿತ್ತು, ತುದಿಯಲ್ಲಿ ಮಾತ್ರ ಹೊಸ ಮರದ ಬಣ್ಣ. ಆ ಹೊಸ ಬಣ್ಣ ಯಾವಾಗಿನದು ಎಂದು ಯಾರೂ ಕೇಳಲಿಲ್ಲ. ಏಣಿ ಇಳಿದು ಬಂದು ಮೆಟ್ಟಿಲ ಮೇಲೆ ಕುಳಿತೆ.

ಈಗ ಮಣ್ಣು ಇಳಿಸಬೇಕು. ಕೇಳುವುದಕ್ಕೆ ಸುಲಭ. ಮೊದಲು ಕೆಳಗಿನಿಂದ ಆಸರೆ ಕೊಡಬೇಕು, ಆಸರೆ ಕೊಡಲು ಯಾರಾದರೂ ಆ ತೊಲೆಯ ಕೆಳಗೆ ಹೋಗಬೇಕು. ನೀಲಗಿರಿ ಕಂಬಗಳನ್ನು ಗೋಡೆಯ ಕಡೆಯಿಂದ ಒಂದೊಂದಾಗಿ ನಿಲ್ಲಿಸುತ್ತಾ, ನಿಲ್ಲಿಸಿದ್ದರ ಆಸರೆಯಲ್ಲೇ ಮುಂದಿನದಕ್ಕೆ ಹೋದೆವು. ಬಡಗಿ ಉತ್ಸಾಹದಲ್ಲಿ ಮೊದಲ ಕಂಬದ ಬೆಣೆಯನ್ನು ಬಲವಾಗಿ ಹೊಡೆದ. ಸೀಳಿದ ತೊಲೆ ಕಿರ್ ಎಂದಿತು. ಎಲ್ಲರೂ ಹೊರಗೆ ಓಡಿದೆವು. ನಾನೂ ಓಡಿದೆ. ಬಾಗಿದ ತೊಲೆಯನ್ನು ಎತ್ತಲು ಹೋಗಬಾರದು, ಕಂಬ ಅದಕ್ಕೆ ತಾಗಿ ನಿಂತರೆ ಸಾಕು ಎಂದು ತಿಳಿಸಿ, ಮತ್ತೆ ಶುರುಮಾಡಿದೆವು. ಮುಂದಿನ ಬೆಣೆಗಳನ್ನು ಅಂಗೈಯಿಂದಲೇ ತಳ್ಳಿದ್ದು.

ಮೇಲೆ ಹಲಗೆ ಹಾಸಿ, ಅಡ್ಡಗೋಡೆಯ ಕಡೆಯಿಂದ, ಎಡಕ್ಕೊಂದು ಬಲಕ್ಕೊಂದು ಎಂದು ಸಮನಾಗಿ ಬುಟ್ಟಿಯಲ್ಲಿ ಮಣ್ಣು ತೆಗೆಸಿದೆ. ದಫೇದಾರರು ತಾವೂ ಬುಟ್ಟಿ ಹೊತ್ತರು. ಪದರ ಪದರವಾಗಿ ಬಂತು ಮಣ್ಣು. ಒಂದು ಪದರದಲ್ಲಿ ಹುಲ್ಲಿನ ಚೂರು, ಒಂದರಲ್ಲಿ ಇದ್ದಿಲು. "ಇದು ನಮ್ಮಪ್ಪ ಹಾಕಿದ್ದು," ಎಂದು ಒಂದು ಪದರ ತೋರಿಸಿ ಹೇಳಿದರು. ಬೇಸರವೋ ಹೆಮ್ಮೆಯೋ ಹೇಳುವಂತಿರಲಿಲ್ಲ. ಅದರ ಕೆಳಗೆ ಇನ್ನೂ ಮಣ್ಣಿತ್ತು.

ಮಣ್ಣು ಇಳಿದಂತೆಲ್ಲ ನನಗೆ ಮತ್ತೊಂದು ಆಶ್ಚರ್ಯ ಕಾದಿತ್ತು. ಒಂದು ಬೆಳಿಗ್ಗೆ ಬಂದರೆ ಕಂಬಗಳ ಬೆಣೆಗಳು ನೆಲದ ಮೇಲೆ ಉದುರಿದ್ದವು. ಯಾರೋ ಕಿಡಿಗೇಡಿಗಳು ತೆಗೆದಿದ್ದಾರೆಂದು ದಫೇದಾರರ ಮೇಲೆ ರೇಗಿದೆ. ಅವರು ತಾವು ಅಲ್ಲೇ ಮಲಗಿದ್ದುದಾಗಿ ಹೇಳಿದರು. ಮತ್ತೆ ಹಾಕಿಸಿದೆ, ಮತ್ತೆ ಉದುರಿದವು. ಆಗ ಗೊತ್ತಾಯಿತು. ಭಾರ ಇಳಿದ ತೊಲೆಗಳು ತಾವಾಗಿ ಮೇಲೇಳುತ್ತಿದ್ದವು. ಸೀಳಿದ್ದೊಂದು ಮಾತ್ರ ಏಳಲಿಲ್ಲ, ಅದನ್ನು ಬದಲಾಯಿಸಿದೆವು. ಅದರ ಕೊಕ್ಕೆಯಲ್ಲೇ ಉಳಿದಿದ್ದ ಜೋಲಿಯ ಸೀರೆಯನ್ನು ಬಿಚ್ಚಿಸಿ ಕೂಸಿನ ತಾಯಿಗೆ ಕಳಿಸಿಕೊಟ್ಟೆ.

ಕೊನೆಯ ಬುಟ್ಟಿಗಳು ಇಳಿಯುತ್ತಿದ್ದ ದಿನ ನಾನು ಸಭಾಂಗಣದಲ್ಲಿದ್ದೆ. ಅಧ್ಯಕ್ಷರೂ ಇದ್ದರು. ಹೊರಗೆ ಗಾಳಿ ಎದ್ದಿತು. ಮುಂಬಾಗಿಲ ಒಂದು ಕದ ಗೋಡೆಯಿಂದ ಬಿಟ್ಟುಕೊಂಡು, ಕಿರುಗುಟ್ಟುತ್ತಾ ಬಂದು, ಸರಿಯಾಗಿ ಚೌಕಟ್ಟಿನೊಳಗೆ ಕೂತಿತು.

ಇಬ್ಬರೂ ನೋಡುತ್ತಾ ನಿಂತೆವು. ನಾನು ಹೋಗಿ ಇನ್ನೊಂದು ಕದ ಎಳೆದೆ. ಅದೂ ಬಂತು. ಬಾಗಿಲು ಮುಚ್ಚಿತು. ಸಭಾಂಗಣ ಕತ್ತಲಾಯಿತು.

ತೊಲೆಯೊಂದರ ತುದಿ ಇದ್ದದ್ದು ಆ ಬಾಗಿಲ ಮೇಲಿನ ಪಟ್ಟಿಯ ನೆತ್ತಿಗೇ. ಮಾಳಿಗೆಯ ಭಾರವೆಲ್ಲ ಆ ಪಟ್ಟಿಯನ್ನು ಅದುಮಿ ಕೂತಿತ್ತು. ಇಷ್ಟು ವರ್ಷ ಕದ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಅಷ್ಟೆ. ಹಿರಿಯರ ಆಣೆ ಎಂದು ನಾನು ಬಾಯ್ತುಂಬ ಹೇಳಿದ್ದು, ಆ ಹೆಂಗಸರು ಕಣ್ಣಿಗೊತ್ತಿಕೊಂಡಿದ್ದು, ಕಟ್ಟಡ ಪ್ರಾಣಸಂಕಟದಲ್ಲಿದ್ದ ಗುರುತನ್ನು.

"ಆಣೆ ಅಂತ ನಮ್ಮಪ್ಪಾನೂ ಹೇಳ್ತಿದ್ರು," ಎಂದರು ಅಧ್ಯಕ್ಷರು. "ನಾನು ಇದರ ಕೆಳಗೆ ಕೂತು ಎಷ್ಟು ಸಭೆ ಮಾಡೀನಿ."

ಅರ್ಧಕ್ಕೆ ನಿಂತ ಭೇಟಿಯನ್ನು ಮುಗಿಸಿಕೊಡಲು ಆ ಹೆಣ್ಣುಮಕ್ಕಳನ್ನು ಮತ್ತೆ ಕರೆಸಬೇಕೆಂದವರು ಅಧ್ಯಕ್ಷರೇ. ಬಾಗಿಲ ಕಥೆ ಹಾಗೇ ಇಟ್ಟುಕೊಳ್ಳೋಣ, ಒಂದು ಕಲ್ಲು ಅಡ್ಡ ಇಟ್ಟರಾಯಿತು ಎಂದು ಕಚೇರಿಯಲ್ಲಿ ಕೆಲವರು ಹೇಳಿದರು. ಅಧ್ಯಕ್ಷರೂ ಅದನ್ನೇ ಮಾಡಿಸುತ್ತಾರೆ ಎಂದುಕೊಂಡೆ.

ಹೆಣ್ಣುಮಕ್ಕಳು ಬಂದಾಗ ಬಾಗಿಲು ಮುಚ್ಚಿತ್ತು. ಗೋವಿನಕೋವಿ ಕಡೆಯ ಆ ತಾಯಿಯೂ ಬಂದಿದ್ದಳು. ಕೂಸು ಈಗ ಅವಳ ಹೆಗಲ ಮೇಲಿಂದ ಎಲ್ಲರನ್ನೂ ನೋಡುವಷ್ಟು ಬೆಳೆದಿತ್ತು.

"ಈ ಬಾಗ್ಲು ಯಾವತ್ತೂ ಮುಚ್ಚಿಲ್ಲ ಅಂದಿದ್ರಿ ನೀವು," ಎಂದಳು ನನಗೆ.

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಮುಂದೆ ಬಂದರು. "ಮುಚ್ಚಿಲ್ಲ ಅನ್ನೋದು ಸುಳ್ಳವ್ವ. ಮುಚ್ಚಾಕೆ ಬರ್ತಿರ್ಲಿಲ್ಲ. ಮ್ಯಾಲಿನ ಭಾರಕ್ಕೆ ಸಿಕ್ಕಂಡಿತ್ತು. ನಮಗೆ ಗೊತ್ತಾಗ್ಲಿಲ್ಲ." ಎಲ್ಲರೆದುರಿಗೆ ಅಷ್ಟು ಹೇಳಿ, ಎರಡೂ ಕದಗಳನ್ನು ತಮ್ಮ ಕೈಯಿಂದಲೇ ತಳ್ಳಿ ತೆರೆದರು.

ಉಳಿದವರು ಒಳಗೆ ಹೋದರು. ಅವಳು ಮಾತ್ರ ಹೊಸಿಲಾಚೆಯೇ ನಿಂತು ಮೇಲೆ ನೋಡಿದಳು. ಮುಚ್ಚಿಗೆಯನ್ನು ನಾನು ಮತ್ತೆ ಹೊಡೆಸಿರಲಿಲ್ಲ, ತೊಲೆಗಳು ಕಾಣುತ್ತಿದ್ದವು.

"ಈಗ ಎಷ್ಟು ಮಣ್ಣೈತ್ರಿ ಮ್ಯಾಲೆ?"

"ನಾಲ್ಕು ಬೆರಳು."

"ಯಾರು ನೋಡಿದ್ರು?"

"ನಾನೇ ನೋಡೀನಿ."

"ನಿಮಗೆ ವರ್ಗ ಆಗ್ತೈತೆ," ಎಂದಳು. "ಆಮ್ಯಾಲೆ ಯಾರು ನೋಡ್ತಾರೆ?"

ಹೊಸ ಎಂಜಿನಿಯರ್ ಬರುತ್ತಾರೆ, ಮಣ್ಣು ಹಾಕುವ ಕೆಲಸ ಮಂಜೂರಾಗುತ್ತದೆ. ಅವಳ ಕಣ್ಣು ತಪ್ಪಿಸಿ ಹೊಸಿಲು ನೋಡಿದೆ.

ಹಿಂದೆ ನಿಂತಿದ್ದ ದಫೇದಾರರು ಕೆಮ್ಮಿದರು. "ನಾನು ಕೆರೀತೀನವ್ವ," ಎಂದರು. "ನನ್ನ ಹಿಂದೆ ಬರೋನಿಗೂ ಕೆರೆಯಾಕೆ ಹಚ್ಚೇ ಹೋಗ್ತೀನಿ. ಯಾರೂ ಹೇಳ್ದಿದ್ರೂ ಕೆರೀತೀವಿ. ನಮ್ಮನೇದಂಗೆ."

ಅವಳು ಅವರನ್ನು ನೋಡಿದಳು. ಆಮೇಲೆ ಕೂಸನ್ನು ಎದೆಗೆ ಒತ್ತಿಕೊಂಡು ಹೊಸಿಲು ದಾಟಿದಳು. ಜೋಲಿಯ ಸೀರೆ ಅವಳ ಚೀಲದಲ್ಲಿ ಕಾಣುತ್ತಿತ್ತು. ಅದನ್ನು ಅವಳು ಹೊರಗೆ ತೆಗೆಯಲಿಲ್ಲ.